ದುಂಬಿಯ ಬೆನ್ನೇರಿದ ಹುಳ, ಹುಳದ ಬೆನ್ನು ಹಿಡಿದ ವಿಜ್ಞಾನಿ

ರವೆಯನ್ನೋ ಮೈದಾ ಹಿಟ್ಟನ್ನೋ ಡಬ್ಬಿಯಲ್ಲಿ ಹಾಕಿ ಎರಡು ತಿಂಗಳು ಮರೆತರೆ, ಮುಚ್ಚಳ ತೆಗೆದಾಗ ಇಟ್ಟಿಗೆ ಬಣ್ಣದ, ಎಳ್ಳಿನ ಗಾತ್ರದ ದುಂಬಿಗಳು ಹರಿದಾಡುತ್ತಿರುತ್ತವೆ. ಜರಡಿ ಹಿಡಿದು ಅವನ್ನು ಹೊರಚೆಲ್ಲುವುದು ನಮ್ಮ ಅಡುಗೆಮನೆಗಳ ಹಳೆಯ ಕೆಲಸ. ಈ ದುಂಬಿಗೆ ವಿಜ್ಞಾನದಲ್ಲಿ ಟ್ರೈಬೋಲಿಯಂ ಎಂದು ಹೆಸರು. 1990ರ ಸುಮಾರಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ರಾಲ್ಫ್ ಸೋಮರ್ ಎಂಬ ಸಂಶೋಧನಾ ವಿದ್ಯಾರ್ಥಿ, ಡೀಟ್‌ಹಾರ್ಡ್ ಟೌಟ್ಜ್ ಅವರ ಮಾರ್ಗದರ್ಶನದಲ್ಲಿ, ಇದರ ಮೊಟ್ಟೆಯೊಳಗೆ ಮೈ ಹೇಗೆ ಮೂಡುತ್ತದೆ ಎಂದು ನೋಡುತ್ತಿದ್ದರು. ಮುಂದೆ ಅವರು ಕೀಟ ಬಿಟ್ಟು ಹುಳ ಹಿಡಿದರು. ಹುಳ ಅವರನ್ನು ಮತ್ತೆ ಕೀಟದ ಬಳಿಗೇ ಕರೆದೊಯ್ದಿತು.

ವಿಜ್ಞಾನಿಯ ಸಂಶೋಧನಾ ದಾಖಲೆ ಎಂದರೆ ಸಾಮಾನ್ಯವಾಗಿ ನಮ್ಮ ಮುಂದೆ ಇಡಲಾಗುವುದು ಪ್ರಬಂಧಗಳ ಎಣಿಕೆ, ಪತ್ರಿಕೆಗಳ ಹೆಸರು, ಉಲ್ಲೇಖಗಳ ಲೆಕ್ಕ. ಅದನ್ನು ಓದಿದವರಿಗೆ ಆ ಮನುಷ್ಯ ಏನನ್ನು ತಿಳಿಯಲು ಹೊರಟಿದ್ದ ಎಂಬುದೇ ತಿಳಿಯುವುದಿಲ್ಲ. ಸೋಮರ್ ಅವರ ಮೂವತ್ತೈದು ವರ್ಷಗಳ ದಾಖಲೆಯನ್ನು ಬೇರೆ ರೀತಿಯಲ್ಲಿ, ಒಂದು ಪ್ರಶ್ನೆಯ ಜಾಡು ಹಿಡಿದು ಓದಬಹುದು ಎಂದು ನನಗೆ ಅನ್ನಿಸುತ್ತದೆ. ಪ್ರಾಣಿಗಳ ಮೈ ಕಟ್ಟುವ ಜೀನ್‌ಗಳು ಬಹುಮಟ್ಟಿಗೆ ಒಂದೇ ಆಗಿರುವಾಗ, ಕಟ್ಟಿದ ಮೈಗಳು ಇಷ್ಟು ಬೇರೆಯಾಗುವುದು ಹೇಗೆ? ಇದೇ ಆ ಪ್ರಶ್ನೆ.

ಮೊದಲು ಹಿಟ್ಟಿನ ದುಂಬಿಯ ಕಥೆ. ಕೀಟದ ಮೈ ಖಂಡಖಂಡವಾಗಿರುತ್ತದೆ. ಹಣ್ಣಿನ ನೊಣದಲ್ಲಿ ಈ ಖಂಡಗಳು ಹೇಗೆ ಮೂಡುತ್ತವೆ ಎಂಬುದು ಆ ಹೊತ್ತಿಗೆ ಗೊತ್ತಿತ್ತು; ಅದನ್ನು ಬಿಡಿಸಿದ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶೌಸ್ ಅವರಿಗೆ 1995ರಲ್ಲಿ ನೊಬೆಲ್ ಬಂತು. ನೊಣದ ಎಳೆಯ ಭ್ರೂಣ ಗೋಡೆಗಳಿಲ್ಲದ ಒಂದು ದೊಡ್ಡ ಹಜಾರದಂತೆ. ಸಾವಿರಾರು ಕೋಶಕೇಂದ್ರಗಳು ಅದರಲ್ಲಿ ಒಟ್ಟಿಗೇ ಇರುತ್ತವೆ, ನಡುವೆ ಪೊರೆಗಳಿರುವುದಿಲ್ಲ. ಒಂದು ಮೂಲೆಯಲ್ಲಿ ತಯಾರಾದ ಪ್ರೋಟೀನ್ ಊದುಬತ್ತಿಯ ಪರಿಮಳದಂತೆ ಹಜಾರದುದ್ದಕ್ಕೂ ಹರಡುತ್ತದೆ. ಎಲ್ಲಿ ಎಷ್ಟು ದಟ್ಟವಾಗಿದೆ ಎಂಬುದರ ಮೇಲೆ, ಭ್ರೂಣದ ಮೈಮೇಲೆ ಪಟ್ಟೆಗಳು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬೀಳುತ್ತವೆ.

ಹಿಟ್ಟಿನ ದುಂಬಿಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ತಲೆ ಮತ್ತು ಮುಂದಿನ ಕೆಲವು ಖಂಡಗಳು ಮೊದಲು ಕಾಣಿಸಿಕೊಳ್ಳುತ್ತವೆ. ಉಳಿದವು ಹೂವು ಕಟ್ಟಿದ ಹಾಗೆ, ಬಾಲದ ತುದಿಯಿಂದ ಒಂದಾದ ಮೇಲೊಂದು ಸೇರುತ್ತಾ ಹೋಗುತ್ತವೆ. ಅಷ್ಟರಲ್ಲಿ ಕೋಶಗಳ ನಡುವೆ ಪೊರೆಗಳೂ ಎದ್ದಿರುತ್ತವೆ. ಹಜಾರದ ಪರಿಮಳದ ತಂತ್ರ ಅಲ್ಲಿ ನಡೆಯುವಂತಿಲ್ಲ. ಹಾಗಿದ್ದರೆ ದುಂಬಿ ಪೂರ್ತಿ ಬೇರೆ ಜೀನ್‌ಗಳನ್ನು ಬಳಸುತ್ತದೆಯೇ? ನೊಣದಲ್ಲಿ ಒಂದು ಬಿಟ್ಟು ಒಂದು ಖಂಡಕ್ಕೆ ಪಟ್ಟೆ ಎಳೆಯುವ ‘ಹೇರಿ’ ಎಂಬ ಜೀನ್‌ಗೆ ಸಮನಾದ ಜೀನನ್ನು ಸೋಮರ್ ಮತ್ತು ಟೌಟ್ಜ್ ದುಂಬಿಯಲ್ಲಿ ಹುಡುಕಿದರು. ಅದು ಸಿಕ್ಕಿತು, ಅಲ್ಲಿಯೂ ಪಟ್ಟೆಗಳಾಗಿಯೇ ಕಾಣಿಸಿಕೊಂಡಿತು. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಸಾಮಾನು ಹಳೆಯದೇ, ಕಟ್ಟುವ ಕ್ರಮ ಮಾತ್ರ ಬೇರೆ.

ಇಷ್ಟು ತಿಳಿದ ಮೇಲೆ ಯುವ ವಿಜ್ಞಾನಿಗೆ ಒಂದು ತೊಡಕು ಎದುರಾಗುತ್ತದೆ. ದುಂಬಿಯ ಭ್ರೂಣದಲ್ಲಿ ಕೋಶಗಳು ಲೆಕ್ಕವಿಲ್ಲದಷ್ಟು. ನೊಣದ ಈ ಕೋಶಕ್ಕೆ ದುಂಬಿಯ ಆ ಕೋಶವೇ ಸಮ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಬೆರಳಿಟ್ಟು ತೋರಿಸಬಹುದಾದ ಪ್ರಾಣಿ ಬೇಕಿತ್ತು. ಅಂಥ ಪ್ರಾಣಿ ನೆಮಟೋಡ್.

ನಮ್ಮ ಕೃಷಿಕರಿಗೆ ನೆಮಟೋಡ್ ಎಂದರೆ ಟೊಮೆಟೊ, ಬದನೆಯ ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳು. ಆದರೆ ಆ ಕುಲ ಬಹಳ ದೊಡ್ಡದು. ಮಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು ಯಾರ ತಂಟೆಗೂ ಹೋಗದೆ ಬದುಕುವ ಜಾತಿಗಳು ಎಷ್ಟೋ ಇವೆ. ಅವುಗಳಲ್ಲಿ ಒಂದಾದ ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳವನ್ನು ಸಿಡ್ನಿ ಬ್ರೆನ್ನರ್ 1960ರ ದಶಕದಲ್ಲಿ ಪ್ರಯೋಗಾಲಯಕ್ಕೆ ತಂದರು. ಈ ಹುಳದ ದೊಡ್ಡ ಗುಣವೆಂದರೆ ಅದರ ಲೆಕ್ಕ ತಪ್ಪುವುದಿಲ್ಲ. ಬೆಳೆದ ದ್ವಿಲಿಂಗಿ ಹುಳದಲ್ಲಿ 959 ದೇಹಕೋಶಗಳು, ಅವುಗಳಲ್ಲಿ 302 ನರಕೋಶಗಳು. ಯಾವ ಕೋಶ ಯಾವುದರಿಂದ ಒಡೆದು ಬಂತು ಎಂಬ ಪೂರ್ತಿ ವಂಶವೃಕ್ಷವನ್ನು ಜಾನ್ ಸಲ್ಸ್ಟನ್ ಮತ್ತು ಸಂಗಡಿಗರು ಬರೆದಿಟ್ಟಿದ್ದರು. ಒಂದು ಹುಳದ ವಂಶವೃಕ್ಷ ಕೈಯಲ್ಲಿದ್ದರೆ, ಅದರ ದೂರದ ಸಂಬಂಧಿಯನ್ನು ಪಕ್ಕದಲ್ಲಿಟ್ಟು ಕೋಶಕ್ಕೆ ಕೋಶ ಹೋಲಿಸಬಹುದು.

ಸೋಮರ್ ಕ್ಯಾಲಿಫೋರ್ನಿಯಾದ ಪ್ಯಾಸಡೀನಾಕ್ಕೆ, ಪಾಲ್ ಸ್ಟರ್ನ್‌ಬರ್ಗ್ ಅವರ ಪ್ರಯೋಗಾಲಯಕ್ಕೆ ಹೋದರು. ಅದೇ ಊರಿನ ಮಣ್ಣಿನಿಂದ ಪ್ರತ್ಯೇಕಿಸಿದ್ದ ಒಂದು ಹುಳ ಅಲ್ಲಿತ್ತು. ಸಿ. ಎಲಿಗನ್ಸ್‌ನಂತೆಯೇ ತಟ್ಟೆಯಲ್ಲಿ ಸುಲಭವಾಗಿ ಬೆಳೆಯುತ್ತದೆ, ನಾಲ್ಕೈದು ದಿನಕ್ಕೆ ಒಂದು ತಲೆಮಾರು ಮುಗಿಯುತ್ತದೆ, ಒಂದೇ ಹುಳ ತನ್ನೊಂದಿಗೆ ತಾನೇ ಕೂಡಿ ಮರಿ ಮಾಡುತ್ತದೆ. ಅದು ಹೊಸ ಜಾತಿಯೆಂದು ಕಂಡು, 1996ರಲ್ಲಿ ಅದಕ್ಕೆ ಪ್ರಿಸ್ಟಿಯಾಂಕಸ್ ಪೆಸಿಫಿಕಸ್ ಎಂದು ಹೆಸರಿಟ್ಟರು. ಮುಂದೆ ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗೆ ಸೇರಿ ಸೋಮರ್ ಕಟ್ಟಿದ ಕೆಲಸವೆಲ್ಲ ಈ ಒಂದು ಹುಳದ ಸುತ್ತ ಬೆಳೆದದ್ದು.

ಮೊದಲ ಹೋಲಿಕೆಗೆ ಅವರು ಆರಿಸಿಕೊಂಡದ್ದು ಹುಳ ಮೊಟ್ಟೆ ಇಡುವ ದ್ವಾರವನ್ನು. ಹೊಟ್ಟೆಯ ಕೆಳಗೆ ಸಾಲಾಗಿ ಹನ್ನೆರಡು ಕೋಶಗಳಿರುತ್ತವೆ. ಎರಡೂ ಹುಳಗಳಲ್ಲಿ ಐದು, ಆರು, ಏಳನೆಯ ಕೋಶಗಳೇ ಆ ದ್ವಾರವಾಗುತ್ತವೆ. ಕೊನೆಗೆ ಮೂಡುವ ಅಂಗವೂ ಒಂದೇ ರೀತಿಯದು. ಆದರೆ ಒಳಗೆ ನಡೆಯುವುದು ಬೇರೆ. ಸಿ. ಎಲಿಗನ್ಸ್‌ನಲ್ಲಿ ಬಳಕೆಗೆ ಬಾರದ ಅಂಚಿನ ಕೋಶಗಳು ಪಕ್ಕದ ಚರ್ಮದೊಂದಿಗೆ ಬೆಸೆದುಕೊಳ್ಳುತ್ತವೆ. ಪ್ರಿಸ್ಟಿಯಾಂಕಸ್‌ನಲ್ಲಿ ಅವು ತಾವೇ ಸಾಯುತ್ತವೆ. ನಡುವಿನ ಕೋಶಗಳನ್ನು ಆ ಗತಿಯಿಂದ ಉಳಿಸುವುದು ಎರಡರಲ್ಲೂ ‘ಲಿನ್-39’ ಎಂಬ ಒಂದೇ ಜೀನ್. ಒಂದರಲ್ಲಿ ಅದು ಬೆಸುಗೆಯಿಂದ ಕಾಪಾಡುತ್ತದೆ, ಇನ್ನೊಂದರಲ್ಲಿ ಸಾವಿನಿಂದ. ‘ದ್ವಾರವಾಗು’ ಎಂದು ಕೋಶಗಳಿಗೆ ಹೋಗುವ ರಾಸಾಯನಿಕ ಸಂದೇಶವೂ ಬೇರೆ ಬೇರೆ ಎಂದು ನಂತರದ ವರ್ಷಗಳ ಕೆಲಸ ತೋರಿಸಿತು: ಸಿ. ಎಲಿಗನ್ಸ್‌ನಲ್ಲಿ ಅದಕ್ಕೆ ಮುಖ್ಯ ‘ಇಜಿಎಫ್’ ಕುಟುಂಬದ ಸಂಕೇತ, ಪ್ರಿಸ್ಟಿಯಾಂಕಸ್‌ನಲ್ಲಿ ‘ವಿಂಟ್’ ಎಂಬ ಇನ್ನೊಂದು ಕುಟುಂಬದ್ದು.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ಹೊರಗಿನಿಂದ ನೋಡಿದರೆ ಅಂಗ ಬದಲಾಗಿಯೇ ಇಲ್ಲ. ಒಳಗಿನ ವ್ಯವಸ್ಥೆ ಮಾತ್ರ ಕೋಟ್ಯಂತರ ವರ್ಷಗಳಲ್ಲಿ ಸದ್ದಿಲ್ಲದೆ ಬದಲಾಗಿದೆ. ಕಂಬ, ತೊಲೆ, ಹೆಂಚು ಎಲ್ಲವನ್ನೂ ಒಂದೊಂದಾಗಿ ಬದಲಿಸಿದ ಮೇಲೂ ತೊಟ್ಟಿಮನೆ ಹೊರಗಿನವರಿಗೆ ಅದೇ ಮನೆಯಾಗಿ ಕಾಣುವಂತೆ. ವಿಕಾಸವೆಂದರೆ ಕಣ್ಣಿಗೆ ಕಾಣುವ ಬದಲಾವಣೆ ಎಂದು ನಂಬಿಕೊಂಡವರಿಗೆ ಇದು ಕಷ್ಟದ ಪಾಠ.

ಇಲ್ಲಿಯವರೆಗೂ ಈ ಹುಳ ಗಾಜಿನ ತಟ್ಟೆಯ ಪ್ರಾಣಿ. ಬಯಲಿನಲ್ಲಿ ಅದು ಎಲ್ಲಿ, ಯಾರ ಜೊತೆ ಬದುಕುತ್ತದೆ ಎಂಬುದು ತಿಳಿಯದೆ, ಅದರ ಮೈ ಹೀಗೇಕಿದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಸೋಮರ್ ಅವರ ದಾಖಲೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಈ ತಿರುವು. ಜೀನ್‌ಗಳ ಕೆಲಸದಲ್ಲಿ ಹೆಸರು ಮಾಡಿದ್ದ ಒಂದು ಪ್ರಯೋಗಾಲಯದವರು ಬಲೆ, ಡಬ್ಬಿ ಹಿಡಿದು ಹೊಲ ಕಾಡುಗಳಿಗೆ ಇಳಿದರು. ಯುರೋಪಿನಲ್ಲಿ ಮಥಿಯಾಸ್ ಹೆರ್ಮನ್ ಮತ್ತು ಸಂಗಡಿಗರು ಸಾವಿರಾರು ದುಂಬಿಗಳನ್ನು ಹಿಡಿದು ಪರೀಕ್ಷಿಸಿದರು. ವಿಧಾನ ಸರಳ: ದುಂಬಿಯನ್ನು ಎರಡಾಗಿ ಕತ್ತರಿಸಿ, ಅಗರ್ ಎಂಬ ಲೋಳೆ ಹಾಕಿದ ತಟ್ಟೆಯ ಮೇಲಿಟ್ಟು, ಏನು ಹೊರಬರುತ್ತದೆ ಎಂದು ದಿನಗಟ್ಟಲೆ ಕಾಯುವುದು. ಸೆಗಣಿ ದುಂಬಿಯಿಂದ ಪ್ರಿಸ್ಟಿಯಾಂಕಸ್‌ನ ಒಂದು ಜಾತಿ ಹೊರಬಂತು, ಮರದೆಲೆ ತಿನ್ನುವ ಕಾಕ್‌ಚೇಫರ್ ದುಂಬಿಯಿಂದ ಇನ್ನೊಂದು, ಆಲೂಗಡ್ಡೆ ಬೆಳೆಗೆ ಬೀಳುವ ಕೊಲರಾಡೊ ದುಂಬಿಯಿಂದ ಮತ್ತೊಂದು. ಪೆಸಿಫಿಕಸ್ ಜಾತಿ ಜಪಾನಿನಲ್ಲಿ ಓರಿಯೆಂಟಲ್ ದುಂಬಿಯ ಮೇಲೆ ಸಿಕ್ಕಿತು.

ಇವುಗಳಲ್ಲಿ ಹೆಚ್ಚಿನವು ಸ್ಕ್ಯಾರಬ್ ಕುಲದ ಬಳಗ. ಅಡಿಕೆ ತೋಟದಲ್ಲಿ, ಕಬ್ಬಿನ ಗದ್ದೆಯಲ್ಲಿ ಬೇರು ಕಡಿಯುವ ಬಿಳಿ ಗೊಣ್ಣೆಹುಳು ಇದೇ ಕುಲದ ದುಂಬಿಗಳ ಮರಿ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯೂ ಇದೇ ಕುಲದ್ದು. ಒಂದು ವ್ಯತ್ಯಾಸವನ್ನು ಇಲ್ಲಿಯೇ ಹೇಳಬೇಕು. ಗೊಣ್ಣೆಹುಳುವಿನ ಮೇಲೆ ಬಿಡಲು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ನೆಮಟೋಡ್‌ಗಳ ಪುಡಿಯನ್ನು ರೂಪಿಸಿದೆ. ಅದರಲ್ಲಿರುವುದು ಹೆಟೆರೊರಾಬ್ಡೈಟಿಸ್ ಎಂಬ ಕೊಲೆಗಾರ ಹುಳ. ಅದು ಹೊಟ್ಟೆಯಲ್ಲಿ ವಿಷಕಾರಿ ಬ್ಯಾಕ್ಟೀರಿಯಾಗಳನ್ನು ಹೊತ್ತು ಗೊಣ್ಣೆಹುಳುವಿನ ಮೈಹೊಕ್ಕು ಅದನ್ನು ಬೇಗ ಕೊಲ್ಲುತ್ತದೆ. ಪ್ರಿಸ್ಟಿಯಾಂಕಸ್ ಕೊಲ್ಲುವುದಿಲ್ಲ. ಉಣ್ಣದೆ, ಬೆಳೆಯದೆ, ಬಾಯಿ ಮುಚ್ಚಿಕೊಂಡು ‘ಡೌಅರ್’ ಎಂಬ ಸುಪ್ತ ಮರಿಯಾಗಿ ದುಂಬಿಯ ಮೈಯಲ್ಲಿ ಕುಳಿತಿರುತ್ತದೆ. ದುಂಬಿ ತನ್ನ ಆಯಸ್ಸು ಮುಗಿಸಿ ಸತ್ತ ಮೇಲೆ ಕಳೇಬರ ಕೊಳೆಯತೊಡಗುತ್ತದೆ, ಬ್ಯಾಕ್ಟೀರಿಯಾ, ಶಿಲೀಂಧ್ರ, ಇತರ ಹುಳಗಳು ಮುತ್ತಿಕೊಳ್ಳುತ್ತವೆ. ಆಗ ಅದು ಎದ್ದು ಉಣ್ಣಲು ಶುರು ಮಾಡುತ್ತದೆ.

ಒಂದು ಮಿಲಿಮೀಟರಿಗೂ ಚಿಕ್ಕದಾದ, ಕಣ್ಣಿಲ್ಲದ ಈ ಹುಳದ ಮರಿಯು ದುಂಬಿಯನ್ನು ಹಿಡಿಯುವ ರೀತಿ ಇನ್ನೂ ಸೋಜಿಗದ್ದು. ಹೆಣ್ಣು ಓರಿಯೆಂಟಲ್ ದುಂಬಿ ಗಂಡನ್ನು ಕರೆಯಲು ಬಿಡುವ ಗಂಧಕ್ಕೆ ಈ ಹುಳಗಳು ಆಕರ್ಷಿತವಾಗುತ್ತವೆ ಎಂದು ಸೋಮರ್ ಬಳಿ ಕೆಲಸ ಮಾಡಿದ ರೇ ಹಾಂಗ್ ತೋರಿಸಿದರು. ದುಂಬಿಗಳ ಪ್ರೇಮದ ಕರೆಯನ್ನು ಹುಳ ಕದ್ದು ಕೇಳುತ್ತದೆ. ಆದರೆ ಅದೇ ಗಂಧ ಹೆಚ್ಚಾದರೆ ಹುಳದ ಭ್ರೂಣಗಳ ಬೆಳವಣಿಗೆ ಕುಂಠಿತವಾಗುತ್ತದೆ. ದುಂಬಿ ಬದುಕಿರುವವರೆಗೆ ಹುಳ ಹೆಚ್ಚದಂತೆ ತಡೆಯುವುದೂ ಆ ಗಂಧವೇ ಇರಬಹುದು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಈ ಸುಪ್ತ ಮರಿಗಳು ಮೈಮೇಲೆ ಮೇಣದಂಥ ಅಂಟನ್ನು ಒಸರಿಸಿ ನೂರಾರು ಒಟ್ಟಾಗಿ ಅಂಟಿಕೊಂಡು ಗೋಪುರದಂತೆ ಎದ್ದು ನಿಂತು ತೂಗಾಡುತ್ತವೆ ಎಂದು ವಿವರಿಸಿತು. ಹಾದು ಹೋಗುವ ದುಂಬಿಗೆ ಗೋಪುರಕ್ಕೆ ಗೋಪುರವೇ ಅಂಟಿಕೊಳ್ಳುತ್ತದೆ.

ಈ ಹುಡುಕಾಟ ಕೊನೆಗೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ನೆಲೆಯೂರಿತು. ಭೂಮಿಯ ವಯಸ್ಸಿನ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆ ಎದ್ದ ಜ್ವಾಲಾಮುಖಿ ದ್ವೀಪ. ಅಲ್ಲಿಗೆ ಪೆಸಿಫಿಕಸ್ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದುಂಬಿಗಳ ಬೆನ್ನೇರಿ ಬಂದಿದೆ. ಕಡಲತಡಿಯಲ್ಲಿ ಒಂದು ವಂಶ, ಬೆಟ್ಟದ ಮೇಲೆ ಇನ್ನೊಂದು. ಒಂದೇ ಜಾತಿಯ ಹುಳ ಬೇರೆ ಬೇರೆ ಒತ್ತಡಗಳಲ್ಲಿ ಹೇಗೆ ಬದಲಾಗುತ್ತದೆ ಎಂದು ನೋಡಲು ಅದು ಸಿದ್ಧ ಪ್ರಯೋಗ.

ದುಂಬಿಯ ಕಳೇಬರ ಎಂದರೆ ಕೆಲವು ದಿನಗಳ ಜಾತ್ರೆ. ಮೊದಲು ಬ್ಯಾಕ್ಟೀರಿಯಾ ಬೇಕಾದಷ್ಟು. ಹುಳಗಳು ಹೆಚ್ಚಿದಂತೆ ಆಹಾರ ಕರಗುತ್ತದೆ, ಪೈಪೋಟಿ ಏರುತ್ತದೆ. ಈ ಚಿತ್ರ ಮನಸ್ಸಿನಲ್ಲಿದ್ದರೆ ಮಾತ್ರ ಸೋಮರ್ ಅವರ ಅತ್ಯಂತ ಪ್ರಸಿದ್ಧ ಕೆಲಸ ಅರ್ಥವಾಗುತ್ತದೆ. ಪ್ರಿಸ್ಟಿಯಾಂಕಸ್‌ನ ಬಾಯಲ್ಲಿ ಹಲ್ಲಿದೆ, ಮತ್ತು ಆ ಬಾಯಿ ಎರಡು ಬಗೆಯದು. ಒಂದು ಬಗೆಯ ಹುಳದ ಬಾಯಿ ಕಿರಿದು, ಒಂದೇ ಹಲ್ಲು, ಬ್ಯಾಕ್ಟೀರಿಯಾ ತಿನ್ನಲು ತಕ್ಕದ್ದು. ಇನ್ನೊಂದರ ಬಾಯಿ ಅಗಲ. ಕೊಕ್ಕೆಯಂಥ ದೊಡ್ಡ ಹಲ್ಲು, ಅದಕ್ಕೆದುರಾಗಿ ಮತ್ತೊಂದು. ಈ ಅಗಲ ಬಾಯಿಯ ಹುಳ ಬೇರೆ ನೆಮಟೋಡ್‌ಗಳನ್ನು ಕಚ್ಚಿ ಸೀಳಿ ತಿನ್ನುತ್ತದೆ. ಒಂದೇ ತಾಯಿಯ, ಒಂದೇ ಜೀನ್‌ಗಳ ಎರಡು ಮರಿಗಳಲ್ಲಿ ಒಂದು ಸಾಧುವಾಗಿ, ಇನ್ನೊಂದು ಬೇಟೆಗಾರನಾಗಿ ಬೆಳೆಯಬಹುದು. ಕೊನೆಯ ಪೊರೆ ಕಳಚುವ ಹೊತ್ತಿಗೆ ತೀರ್ಮಾನವಾದರೆ ಮತ್ತೆ ಬದಲಾಗುವುದಿಲ್ಲ.

ಯಾವ ಬಾಯಿ ಎಂದು ತೀರ್ಮಾನಿಸುವುದು ಯಾವುದು? ಸುತ್ತಲ ಹುಳಗಳು ಬಿಡುವ ರಾಸಾಯನಿಕಗಳು ಅಗಲ ಬಾಯಿಯ ಕಡೆಗೆ ವಾಲಿಸುತ್ತವೆ: ಇಲ್ಲಿ ಜನ ಹೆಚ್ಚಾಗಿದ್ದಾರೆ, ಹಲ್ಲು ಬೆಳೆಸಿಕೋ ಎಂಬಂತೆ. ಗಟ್ಟಿ ಅಗರ್ ಮೇಲೆ ಬೆಳೆಸಿದರೆ ಬೇಟೆಗಾರರೇ ಹೆಚ್ಚು. ದ್ರವದಲ್ಲಿ ಬೆಳೆಸಿದರೆ ಅದೇ ತಳಿಯಲ್ಲಿ ಸಾಧುಗಳು ಹೆಚ್ಚು. ಹಲ್ಲು ಬೆಳೆಸುವುದಕ್ಕೆ ಬೆಲೆಯೂ ಇದೆ, ಅಗಲ ಬಾಯಿಯ ಹುಳ ಪ್ರಾಯಕ್ಕೆ ಬರಲು ಕೆಲವು ಗಂಟೆ ಹೆಚ್ಚು ಬೇಕು. ನಾಲ್ಕೈದು ದಿನಕ್ಕೆ ಒಂದು ತಲೆಮಾರು ಮುಗಿಯುವಲ್ಲಿ ಕೆಲವು ಗಂಟೆ ಸಣ್ಣ ಮಾತಲ್ಲ.

ಎರಿಕ್ ರ್‍ಯಾಗ್ಸ್‌ಡೇಲ್ ಮೊದಲ ಲೇಖಕರಾಗಿದ್ದ 2013ರ ಪ್ರಬಂಧ ಈ ತೀರ್ಮಾನದ ಕೀಲಿಯನ್ನು ಹೊರಗೆಳೆಯಿತು. ‘ಯೂಡ್-1’ ಎಂಬ ಜೀನ್ ಕೆಟ್ಟರೆ ಎಲ್ಲ ಹುಳಗಳೂ ಕಿರುಬಾಯಿಯವು. ಅದನ್ನು ಅತಿಯಾಗಿ ದುಡಿಸಿದರೆ ಎಲ್ಲವೂ ಅಗಲ ಬಾಯಿಯವು. ಅದು ಎಕ್ಸ್ ವರ್ಣತಂತುವಿನ ಮೇಲಿದೆ. ದ್ವಿಲಿಂಗಿ ಹುಳಕ್ಕೆ ಎರಡು ಎಕ್ಸ್, ಗಂಡಿಗೆ ಒಂದೇ. ಗಂಡುಗಳಲ್ಲಿ ಕಿರುಬಾಯಿ ಹೆಚ್ಚಾಗಿರುವುದಕ್ಕೆ ಕಾರಣ ಆ ಕೊರತೆ. ಪರಿಸರ ಮೈಯನ್ನು ರೂಪಿಸುತ್ತದೆ ಎಂದು ಬಹಳ ಕಾಲದಿಂದ ಹೇಳಲಾಗುತ್ತಿತ್ತು. ಪರಿಸರದ ಮಾತನ್ನು ಕೇಳಿಸಿಕೊಂಡು ದೀಪದ ಸ್ವಿಚ್ಚಿನಂತೆ ಈ ಕಡೆ ಅಥವಾ ಆ ಕಡೆ ಒತ್ತುವ ಜೀನ್ ಒಂದನ್ನು ಹೀಗೆ ಬೆರಳು ಮಾಡಿ ತೋರಿಸಿದ್ದು ದೊಡ್ಡ ಮಾತು. ಜೀನೋ ಪರಿಸರವೋ ಎಂಬ ಹಳೆಯ ಜಗಳವನ್ನು ಮುಂದುವರಿಸುವವರು ಈ ಹುಳದ ಬಾಯನ್ನು ಒಮ್ಮೆ ನೋಡಬೇಕು.

ಅದೇ ವರ್ಷದ ಇನ್ನೊಂದು ಕೆಲಸ ನರಗಳದ್ದು. ಕಚ್ಚುವುದಕ್ಕೂ ನುಂಗುವುದಕ್ಕೂ ಗಂಟಲಿನ 20 ನರಕೋಶಗಳು ಸಾಕು. ಬ್ಯಾಕ್ಟೀರಿಯಾ ಮಾತ್ರ ತಿನ್ನುವ ಸಿ. ಎಲಿಗನ್ಸ್‌ನಲ್ಲೂ ಅದೇ 20. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಂದ ಎರಡನ್ನೂ ಎಳೆ ಎಳೆಯಾಗಿ ಹೋಲಿಸಿದಾಗ, ಕೋಶಗಳು ಅವೇ, ಅವುಗಳ ನಡುವಣ ತಂತಿಗಳ ಜೋಡಣೆ ವ್ಯಾಪಕವಾಗಿ ಬದಲಾಗಿದೆ ಎಂದು ಕಂಡಿತು. ಹಿಟ್ಟಿನ ದುಂಬಿಯ ಪಟ್ಟೆಗಳಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿ ಕಂಡದ್ದೂ ಇಂಥದ್ದೇ.

ಬೇಟೆಗಾರನಿಗೆ ಇನ್ನೊಂದು ಸಂಕಟವಿದೆ. ಸುತ್ತ ಇರುವ ಹುಳಗಳಲ್ಲಿ ಬಹುಪಾಲು ಅದರ ಮಕ್ಕಳೇ. ಕಣ್ಣಿಲ್ಲದ, ಕಚ್ಚುವ ಬಾಯಿಯ ತಾಯಿ ತನ್ನ ಮರಿಯನ್ನು ತಿನ್ನದೇ ಇರುವುದು ಹೇಗೆ? 2019ರಲ್ಲಿ ಜೇಮ್ಸ್ ಲೈಟ್‌ಫುಟ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ‘ಸೆಲ್ಫ್-1’ ಎಂಬ ಜೀನ್ ಒಂದು ಪುಟ್ಟ ಪೆಪ್ಟೈಡನ್ನು, ಅಂದರೆ ಚಿಕ್ಕ ಪ್ರೋಟೀನನ್ನು, ತಯಾರಿಸುತ್ತದೆ. ಅದರ ತುದಿ ತಳಿಯಿಂದ ತಳಿಗೆ ಬೇರೆ, ಮನೆತನದ ಹೆಸರಿನಂತೆ. ಮೂತಿ ತಾಗಿಸಿದಾಗ ತನ್ನದೇ ಗುರುತು ಸಿಕ್ಕರೆ ಹುಳ ಕಚ್ಚದೆ ಮುಂದೆ ಸರಿಯುತ್ತದೆ. ಹತ್ತಿರದ ಸಂಬಂಧದ ಬೇರೆ ತಳಿಯಾದರೂ ಕೊಲ್ಲುತ್ತದೆ. ಆ ತುದಿಯಲ್ಲಿ ಒಂದೇ ಒಂದು ಅಮೈನೊ ಆಮ್ಲವನ್ನು ಬದಲಿಸಿದರೆ ಗುರುತು ಅಳಿದು, ಮರಿಗಳು ಸ್ವಂತದವರ ಬಾಯಿಗೇ ಬೀಳುತ್ತವೆ. ನಮ್ಮವರು, ಹೊರಗಿನವರು ಎಂಬ ಭೇದ ಮಿದುಳೆಂದು ಕರೆಯಲೂ ಆಗದ ನರಗಂಟು ಇರುವ ಪ್ರಾಣಿಯಲ್ಲಿ ಇಷ್ಟು ನಿಖರವಾಗಿರುವುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಒಂದೇ ಜಾತಿಗೆ ಎರಡು ಬಾಯಿ ಇರುವುದು ಹೊಸ ರೂಪಗಳಿಗೆ ದಾರಿ ಮಾಡುತ್ತದೆಯೇ? 90 ನೆಮಟೋಡ್ ಜಾತಿಗಳ ಬಾಯಿಗಳನ್ನು ಅಳೆದು 2015ರಲ್ಲಿ ವ್ಲಾಡಿಸ್ಲಾವ್ ಸುಸೋಯ್ ಮತ್ತು ಸಂಗಡಿಗರು ಹೌದೆಂದರು. ಇಬ್ಬಗೆಯ ಬಾಯಿ ಹುಟ್ಟಿದ ಕವಲಿನಲ್ಲಿ ಬಾಯಿಯ ಆಕಾರಗಳು ತೀವ್ರವಾಗಿ ಬೇರೆ ಬೇರೆಯಾಗಿವೆ. ಮರುವರ್ಷವೇ ಇದಕ್ಕೆ ಊಹಿಸಲಾಗದ ಸಾಕ್ಷಿಯೊಂದು ಸಿಕ್ಕಿತು, ಅದೂ ದುಂಬಿಯಲ್ಲಲ್ಲ, ಅತ್ತಿಯ ಜಾತಿಯ ಹಣ್ಣುಗಳಲ್ಲಿ.

ರಿಯೂನಿಯನ್, ದಕ್ಷಿಣ ಆಫ್ರಿಕಾ, ವಿಯೆಟ್ನಾಂನ ಅತ್ತಿಗಳಿಂದ ಹೊರತೆಗೆದ ಹುಳಗಳ ಬಾಯಿಗಳು ಒಂದಕ್ಕೊಂದು ಹೋಲುತ್ತಲೇ ಇರಲಿಲ್ಲ. ನೋಡಿದವರು ಅವನ್ನು ಬೇರೆ ಬೇರೆ ಕುಲಗಳೆಂದೇ ತಿಳಿಯುವಷ್ಟು ಅಂತರ. ಡಿಎನ್ಎ ಓದಿದಾಗ ಒಂದೊಂದು ಹಣ್ಣಿನಲ್ಲೂ ಇದ್ದದ್ದು ಪ್ರಿಸ್ಟಿಯಾಂಕಸ್‌ನ ಒಂದೇ ಜಾತಿ, ಒಂದು ಜಾತಿಗೆ ಐದು ಬಗೆಯವರೆಗೂ ಬಾಯಿ. ವಿಯೆಟ್ನಾಂನ ಹಣ್ಣಿನಲ್ಲಿ ಸಿಕ್ಕ ಜಾತಿಗೆ ಪ್ರಿಸ್ಟಿಯಾಂಕಸ್ ರೆಸಿಮೋಸೆ ಎಂದು ಹೆಸರು, ಏಕೆಂದರೆ ಆ ಮರ ಫೈಕಸ್ ರೆಸಿಮೋಸಾ. ನಮ್ಮ ಹೊಳೆದಂಡೆಯಲ್ಲಿ, ತೋಟದ ಅಂಚಿನಲ್ಲಿ ಬೊಡ್ಡೆಯ ಮೇಲೆಲ್ಲ ಕಾಯಿ ಬಿಡುವ ಅತ್ತಿಮರವೂ ಅದೇ. ಅತ್ತಿಹಣ್ಣು ಹೊರಗೆ ಎಷ್ಟು ಕೆಂಪಗಿದ್ದರೂ ಒಡೆದರೆ ಒಳಗೆಲ್ಲ ಹುಳ ಎಂದು ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೂ ಗೊತ್ತು. ಒಡೆದಾಗ ರೆಕ್ಕೆ ಬಡಿದು ಹೊರಬೀಳುವುದು ಅತ್ತಿಯ ಕಣಜ. ಹೂವಿಗೆ ಪರಾಗ ತರುವ ಆ ಸಣ್ಣ ಕೀಟದ ಮೈಯಲ್ಲಿ, ಬರಿಗಣ್ಣಿಗೆ ಕಾಣದ ಸುಪ್ತ ಮರಿಗಳು ಮುಂದಿನ ಹಣ್ಣಿಗೆ ಪ್ರಯಾಣ ಹೊರಟಿರುತ್ತವೆ.